ಕೈ ಚಾಚುವ ನಾಚಿಕೆ ಬಿಡಿಸಿದವರಿಗೆ

ಕಳೆದ ವಾರ ನಮ್ಮ ಸಾಲದ ಕೊನೆಯ ಕಂತು ಕಟ್ಟಿದೆವು. ನನ್ನ ಗಂಡ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಾನೂ ಹೊಸ ಕಡೆ ಸೇರಿ ಒಂದಿಷ್ಟು ಕಾಲೂರಿದ್ದೇನೆ. ಸುದ್ದಿ ಕೇಳಿದ ಕೂಡಲೇ ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿದಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಲು ಹೋಗಿ ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳಮ್ಮ ಎಂದು ಪಾಸ್ಟರ್ ಕೇಳಿದ್ದರು. ಮೈಕ್ ಕೈಗೆ ಬಂದರೆ ನನಗೆ ಮಾತೇ ಹೊರಡುವುದಿಲ್ಲ. ಅದು ಒಂದು ಕಾರಣ. ಇನ್ನೊಂದು, ನಮ್ಮಲ್ಲಿ ಸಾಕ್ಷಿಗೆ ಒಂದು ಅಚ್ಚು ಇದೆ. ಕಷ್ಟ ಬಂತು, ಪ್ರಾರ್ಥಿಸಿದೆ, ಕರ್ತನು ಎತ್ತಿದನು, ಹಲ್ಲೆಲೂಯ. ನನ್ನ ಕಥೆಯನ್ನು ಆ ಅಚ್ಚಿಗೆ ಹೊಯ್ದರೆ ನೀವೆಲ್ಲ ಹೊರಗೇ ಚೆಲ್ಲಿಹೋಗುತ್ತೀರಿ. ನನಗೆ ಅದು ಸರಿ ಕಾಣಲಿಲ್ಲ.

ನಡೆದದ್ದು ಏನೆಂದು ಕೆಲವರಿಗೆ ಪೂರ್ತಿ ಗೊತ್ತಿಲ್ಲ. ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಬಂದ ಬಿಲ್ಲುಗಳನ್ನು ತಾಳೆ ನೋಡಿ ಪಾಸ್ ಮಾಡುವುದು ನನ್ನ ಕೆಲಸ. ಗಂಡನಿಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಮನೆಯಲ್ಲಿ ಮಲಗಿದ್ದರು. ಅವರ ಸಂಬಳ ನಿಂತಿತ್ತು. ಸಾಲ ತಲೆಯ ಮೇಲಿತ್ತು. ಆ ಹೊತ್ತಿನಲ್ಲಿ ನನ್ನ ಮೇಲಧಿಕಾರಿ ಕರೆದು, ಬಾರದೇ ಇದ್ದ ಸರಕಿಗೆ ಬಂದ ಬಿಲ್ಲುಗಳನ್ನು ಪಾಸ್ ಮಾಡು ಎಂದರು. ನಿನ್ನ ಆಸ್ಪತ್ರೆ ಖರ್ಚಿನ ಚಿಂತೆ ನನಗೆ ಬಿಡು ಎಂದೂ ಹೇಳಿದರು.

ಇಲ್ಲಿ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಆ ಮನುಷ್ಯ ಕೆಟ್ಟವರಾಗಿ ಕಾಣುತ್ತಿರಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗ ಒಂದು ಮಾತೂ ಆಡದೆ ರಜೆ ಕೊಟ್ಟವರು ಅವರೇ. ಮುಂಗಡ ಸಂಬಳ ಕೊಡಿಸಿದವರೂ ಅವರೇ. ಗದರಿಸಿ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಉಪಕಾರ ಮಾಡಿದವರು ಮೆತ್ತಗೆ ಕೇಳಿದಾಗ ಬಾಯಿ ಕಟ್ಟುತ್ತದೆ. ಸೈತಾನನಿಗೆ ಕೊಂಬು ಇರುತ್ತದೆ ಎಂದು ಚಿತ್ರ ಬರೆದವರು ಯಾರೋ, ಅವರಿಗೆ ಶೋಧನೆಯ, ಅಂದರೆ ತಪ್ಪಿನ ಕಡೆ ಎಳೆಯುವ ಪರೀಕ್ಷೆಯ, ಅನುಭವ ಕಡಿಮೆ ಇರಬೇಕು.

ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದವಳು ನಾನು. ಯೇಸು 40 ದಿನ ಉಪವಾಸವಿದ್ದು ಹಸಿದ ಮೇಲೆ ಸೈತಾನ ಬಂದು, ಈ ಕಲ್ಲುಗಳನ್ನು ರೊಟ್ಟಿ ಮಾಡು ಎನ್ನುತ್ತಾನೆ. ಹಸಿದವನಿಗೆ ರೊಟ್ಟಿ ಬೇಕಾಗಿರುವುದು ಪಾಪವಾ? ಅಲ್ಲ. ಬೇಕಾದದ್ದನ್ನೇ ಹಿಡಿದು ಎಳೆಯುತ್ತಾನೆ, ಅಷ್ಟೇ. ನನಗೆ ಬಂಗಲೆ ಬೇಕಿರಲಿಲ್ಲ. ಗಂಡನ ಔಷಧಿ ಬೇಕಿತ್ತು. ಮಕ್ಕಳ ಫೀಸ್ ಕಟ್ಟಬೇಕಿತ್ತು. ಅದೇ ಬಾಗಿಲು ತಟ್ಟಿತು.

ಸಹಿ ಹಾಕಿಬಿಡಬೇಕು ಅಂತ ಮನಸ್ಸು ಎಷ್ಟು ಎಳೆದಾಡಿತು ಎಂದರೆ, ನನ್ನ ವಿಶ್ವಾಸವೇ ಸುಳ್ಳಾ ಅನ್ನಿಸತೊಡಗಿತು. ಪಾಸ್ಟರ್ ಮನೆಗೆ ಹೋಗಿ ಅತ್ತೆ. ಅವರು ಇಬ್ರಿಯರಿಗೆ ಬರೆದ ಪತ್ರದ 4ನೆಯ ಅಧ್ಯಾಯ ತೆಗೆದು 15ನೆಯ ವಚನ ಓದಿಸಿದರು. ನಮ್ಮ ಹಾಗೆಯೇ ಎಲ್ಲ ವಿಧದಲ್ಲೂ ಶೋಧಿಸಲ್ಪಟ್ಟ, ಆದರೂ ಪಾಪವಿಲ್ಲದ ಯೇಸುವಿನ ಬಗ್ಗೆ ಮಾತು ಅಲ್ಲಿದೆ. "ಎಳೆತ ಬಂದಿದೆ ಅಂದರೆ ನೀನು ಬಿದ್ದಿದ್ದೀ ಅಂತ ಅಲ್ಲಮ್ಮ. ಎಳೆತ ಆತನಿಗೂ ಬಂತು" ಎಂದರು. ಆಮೇಲೆ ಪಾಸ್ಟರಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಸುಮ್ನೆ ಪಕ್ಕದಲ್ಲಿ ಕೂತರು. ಒಂದು ವಚನವನ್ನೂ ಹೇಳಲಿಲ್ಲ. ಅಮ್ಮಾ, ಅವತ್ತಿನ ನಿಮ್ಮ ಮೌನಕ್ಕೆ ವಂದನೆ.

ವಚನ ಹೇಳುವವರಿಗೆ ಬರವೇನೂ ಇರಲಿಲ್ಲ ಬಿಡಿ. ನಮ್ಮ ಹತ್ತಿರದ ನೆಂಟರೊಬ್ಬರು, ಪ್ರೀತಿಯಿಂದಲೇ, ತಿಮೊಥೆಯನಿಗೆ ಬರೆದ ಮೊದಲ ಪತ್ರ ಹಿಡಿದು ಬಂದರು. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು 5ನೆಯ ಅಧ್ಯಾಯದಲ್ಲಿದೆ ನೋಡು, ಗಂಡನ ಜೀವಕ್ಕಿಂತ ನಿನ್ನ ಸಹಿ ದೊಡ್ಡದಾ ಎಂದು ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಬ್ಬರು ಅರ್ಧ ತಮಾಷೆಗೆ, ಲೂಕ 16 ಓದು, ಅಲ್ಲಿ ಲೆಕ್ಕದವನೇ ಬಿಲ್ ತಿದ್ದುತ್ತಾನೆ, ಒಡೆಯ ಭೇಷ್ ಅನ್ನುತ್ತಾನೆ ಎಂದರು. ನಿಜವೇ. 100 ಅಳತೆ ಎಣ್ಣೆಯನ್ನು 50 ಎಂದು, 100 ಅಳತೆ ಗೋದಿಯನ್ನು 80 ಎಂದು ಬರೆಸುತ್ತಾನೆ. ಲೆಕ್ಕದ ಕೆಲಸದಲ್ಲಿರುವ ನನಗೆ ಆ ಸಾಮ್ಯ ನೋಡಿ ನಗು ಬಂತು, ಹೆದರಿಕೆಯೂ ಆಯಿತು.

ಈ ಎರಡನ್ನೂ ಪ್ರಾರ್ಥನಾ ಕೂಟಕ್ಕೆ ಒಯ್ದೆ. ಅವತ್ತು ಕೂಟ ನಡೆಸುತ್ತಿದ್ದ ಅಣ್ಣನಿಗೆ ನಾನು ತುಂಬಾ ಋಣಿ. ಅವರು ಯಾರನ್ನೂ ಬೈಯಲಿಲ್ಲ. ಪೂರ್ತಿ ಓದೋಣ ಎಂದರು, ಅಷ್ಟೇ. ಲೂಕ 16ರಲ್ಲಿ ಒಡೆಯ ಮೆಚ್ಚಿದ್ದು ಅವನ ಚುರುಕುತನವನ್ನು. ಮೆಚ್ಚುವ ಆ ವಚನದಲ್ಲೇ ಅವನನ್ನು ಅನ್ಯಾಯದವನು ಎಂದೂ ಕರೆದಿದೆ. ಎರಡು ವಚನ ಮುಂದೆ ಹೋದರೆ, ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತ ಎಂಬ ಮಾತಿದೆ. ಇನ್ನು ತಿಮೊಥೆಯನ ಪತ್ರ. ಆ ಅಧ್ಯಾಯದ ಬಹುಪಾಲು ವಿಧವೆಯರ ಬಗ್ಗೆ. ಮನೆಯವರು ಯಾರನ್ನು ನೋಡಿಕೊಳ್ಳಬೇಕು, ದಿಕ್ಕಿಲ್ಲದವರನ್ನು ಸಭೆ, ಅಂದರೆ ಚರ್ಚಿನ ಬಳಗ, ಹೇಗೆ ನೋಡಿಕೊಳ್ಳಬೇಕು ಎಂದು ಪತ್ರ ಬರೆದ ಪೌಲ ವಿವರವಾಗಿ ಹೇಳಿದ್ದಾನೆ. ಅಣ್ಣ ಪುಸ್ತಕ ಮುಚ್ಚಿ ಎಲ್ಲರ ಮುಖ ನೋಡಿದರು. "ಹಾಗಾದರೆ ಈ ಅಧ್ಯಾಯ ಈ ತಂಗಿಗೆ ಮಾತ್ರ ಬರೆದದ್ದಲ್ಲ. ನಮಗೂ ಬರೆದದ್ದು" ಎಂದರು. ಕೋಣೆ ಸ್ವಲ್ಪ ಹೊತ್ತು ತೆಪ್ಪಗಿತ್ತು. ನನಗಂತೂ ತಲೆ ಎತ್ತಲು ಆಗಲಿಲ್ಲ.

ಯಾಕೆಂದರೆ ನನ್ನ ನಿಜವಾದ ಹೆದರಿಕೆ ಅದೇ ಆಗಿತ್ತು. ಕೆಲಸ ಹೋದರೆ ನಿಮ್ಮ ಮುಂದೆ ಕೈ ಚಾಚಬೇಕಲ್ಲ ಎಂಬುದು.

ಇದನ್ನು ನನಗೆ ಬಿಡಿಸಿ ತೋರಿಸಿದ್ದು ನನ್ನ ಒಬ್ಬ ಗೆಳತಿ. ಸಭೆಯ ಹಳೆಯ ಚರಿತ್ರೆ ಓದುವ ಹುಚ್ಚು ಅವಳಿಗೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಎಂಬ ಸನ್ಯಾಸಿ ಇದ್ದನಂತೆ. ಅವನು ತೀರಿಕೊಂಡದ್ದು 399ರಲ್ಲಿ. ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದವನು ಅವನು. ಮುಂದೆ ಏಳು ಮೂಲ ಪಾಪಗಳು ಎಂದು ಹೆಸರಾದ ಪಟ್ಟಿಗೆ ಬೇರು ಅಲ್ಲಿದೆ. ಅವನೂ ಒಂದು ಪ್ರೇಮದ ಶೋಧನೆಯಿಂದ ತಪ್ಪಿಸಿಕೊಳ್ಳಲು ಕಾನ್‌ಸ್ಟಾಂಟಿನೋಪಲ್ ಬಿಟ್ಟು ಓಡಿ ಬಂದವನೇ. ಅದಕ್ಕೇ ಅವನ ಮಾತಿನಲ್ಲಿ ಉಪದೇಶದ ಗತ್ತಿಗಿಂತ ಅನುಭವ ಜಾಸ್ತಿ ಅನ್ನುತ್ತಾಳೆ ಅವಳು.

ಹಣದಾಸೆಯ ಬಗ್ಗೆ ಅವನು ಬರೆದದ್ದನ್ನು ಅವಳು ವಿವರಿಸಿದಾಗ ನಾನು ಬೆಚ್ಚಿದೆ. ಹಣದಾಸೆ ಬಂಗಾರ ತೋರಿಸಿ ಕರೆಯುತ್ತದೆ ಎಂದು ಅವನು ಹೇಳುವುದಿಲ್ಲ. ಅದು ಮನಸ್ಸಿಗೆ ಉದ್ದನೆಯ ಮುಪ್ಪನ್ನು ತೋರಿಸುತ್ತದಂತೆ. ಕೈಯಲ್ಲಿ ಕೆಲಸ ಮಾಡಲಾಗದ ದಿನಗಳನ್ನು, ಬರಲಿರುವ ಬರಗಾಲವನ್ನು, ಕಾಯಿಲೆಯನ್ನು ತೋರಿಸುತ್ತದಂತೆ. ಕೊನೆಗೆ, ಬದುಕಲು ಬೇಕಾದದ್ದನ್ನು ಬೇರೆಯವರಿಂದ ತೆಗೆದುಕೊಳ್ಳುವುದು ಎಂಥ ನಾಚಿಕೆ ಎಂದು ಪಿಸುಗುಡುತ್ತದಂತೆ.

ಹದಿನಾರು ಶತಮಾನದ ಹಿಂದಿನ ಮನುಷ್ಯ ನನ್ನ ತಲೆಯೊಳಗೆ ಹೇಗೆ ಬಂದ? ನಾನು ದುರಾಸೆಯವಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅದು ನಿಜವೂ ಹೌದು. ಆದರೆ ಭಯ ಇತ್ತು. ನಾಚಿಕೆ ಇತ್ತು. ಪೆನ್ನಿನ ಕಡೆ ಕೈ ಎಳೆಯುತ್ತಿದ್ದದ್ದು ಅವೆರಡೇ. ಹೀಗೆ ನೋಡಿದಾಗ ಸುಮ್ನೆ ಗಟ್ಟಿಯಾಗಿರು, ವಿಶ್ವಾಸದಲ್ಲಿ ನಿಲ್ಲು ಎಂಬ ಬುದ್ಧಿಮಾತು ನನಗೆ ಏಕೆ ನಾಟುತ್ತಿರಲಿಲ್ಲ ಎಂದು ತಿಳಿಯಿತು. ನಾಚಿಕೆಯನ್ನು ಒಬ್ಬರೇ ಕೂತು ಕಳೆದುಕೊಳ್ಳಲು ಆಗುವುದಿಲ್ಲ. ಇನ್ನೊಬ್ಬರು ಕೊಡಬೇಕು, ನಾವು ತೆಗೆದುಕೊಳ್ಳಬೇಕು, ಆಮೇಲೂ ಅವರು ನಮ್ಮನ್ನು ಮೊದಲಿನ ಹಾಗೇ ನೋಡಬೇಕು.

ಅದೇ ಎವಾಗ್ರಿಯಸ್ ಒಂದೊಂದು ಕೆಟ್ಟ ಯೋಚನೆಗೂ ಎದುರುತ್ತರವಾಗಿ ದೇವರ ವಾಕ್ಯಗಳನ್ನು ಹುಡುಕಿ ಕೂಡಿಸಿಟ್ಟಿದ್ದನಂತೆ. ಒಟ್ಟು ಸುಮಾರು 500. ಯೇಸು ಮಾಡಿದ್ದೂ ಅದನ್ನೇ ಅಲ್ವಾ. ಸೈತಾನನ ಮೂರು ಮಾತಿಗೂ ಆತ ಕೊಟ್ಟ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳದ್ದು. ಸೈತಾನನೂ ಸುಮ್ಮನಿರಲಿಲ್ಲ, 91ನೆಯ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸಿದ. ವಚನ ಗೊತ್ತಿದ್ದರೆ ಸಾಲದು ಅನ್ನುವುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಗೆಳತಿ ನನಗೂ ಒಂದು ಚೀಟಿ ಬರೆದುಕೊಟ್ಟಳು. ಮೋಸದ ತ್ರಾಸು ಕರ್ತನಿಗೆ ಅಸಹ್ಯ ಎನ್ನುವ ಜ್ಞಾನೋಕ್ತಿ 11ರ ಮೊದಲ ವಚನ ಒಂದು. ನಾಳೆಯ ಚಿಂತೆ ನಾಳೆಗೆ ಬಿಡಿ ಎನ್ನುವ ಮತ್ತಾಯ 6ರ ಕೊನೆಯ ವಚನ ಇನ್ನೊಂದು. ಕೆಳಗೆ ಅವಳದೇ ಕೈಬರಹದಲ್ಲಿ ಮೂರನೆಯ ಸಾಲು: "ನಿನ್ನ ಮನೆಯ ಈ ತಿಂಗಳ ಕಂತು ನನ್ನದು. ವಾದ ಮಾಡಬೇಡ." ನನ್ನ ಮಟ್ಟಿಗೆ ಆ ಚೀಟಿಯ ಮೂರೂ ಸಾಲು ದೇವರ ವಾಕ್ಯವೇ.

ಗಂಡನಿಗೂ ಇಲ್ಲಿ ಎಲ್ಲರೆದುರು ವಂದನೆ ಹೇಳಲೇಬೇಕು. ಆ ದುಡ್ಡಿನಿಂದ ಮೊದಲು ಅನುಕೂಲವಾಗುತ್ತಿದ್ದದ್ದು ಅವರಿಗೆ. ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಇಷ್ಟೇ. "ಈ ಸಲ ಸಹಿ ಹಾಕಿದರೆ ಮುಂದಿನ ತಿಂಗಳೂ ಹಾಕಬೇಕಾಗುತ್ತೆ, ಅಲ್ವಾ?" ಹೌದು ಎಂದೆ. "ಹಾಗಿದ್ರೆ ಈಗಲೇ ಬೇಡ ಅನ್ನೋದು ವಾಸಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಹುತಾತ್ಮರ ಮಾತಿನ ಹಾಗೆ ಏನೂ ಇರಲಿಲ್ಲ. ಲೆಕ್ಕ ಹಾಕಿದ ಹಾಗಿತ್ತು. ನನಗೆ ಅದೇ ಬೇಕಿತ್ತು.

ಮಾರನೆಯ ದಿನ ಆಗುವುದಿಲ್ಲ ಎಂದು ಹೇಳಿದೆ. ಬೇರೆ ವಿಭಾಗಕ್ಕೆ ಹಾಕಿದರು. ಸ್ವಲ್ಪ ದಿನಕ್ಕೆ ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯದು ಎಂಬ ಮಾತು ಬಂತು. ಕೊಟ್ಟೆ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಆಮೇಲಿನದು ನಿಮ್ಮ ಕಥೆ. ಆದಿಸಭೆಯಲ್ಲಿ ಕೊರತೆಯುಳ್ಳವರು ಒಬ್ಬರೂ ಇರಲಿಲ್ಲ ಎಂದು ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದಲ್ಲಿ ಓದಿದಾಗೆಲ್ಲ, ಅದು ಆ ಕಾಲಕ್ಕೆ ಸರಿ ಅಂದುಕೊಳ್ಳುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ನಾನು ಸಂದರ್ಶನಕ್ಕೆ ಹೋದಾಗಲೆಲ್ಲ ಗಂಡನ ಪಕ್ಕ ಬಂದು ಕೂತ ಅಕ್ಕ, ನೀವು ಒಂದು ದಿನವೂ ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಲಿಲ್ಲ. ಕಾಲೇಜಿಗೆ ಹೋಗುವ ಹುಡುಗ, ನೀನು ನನ್ನ ಮಗಳಿಗೆ ಗಣಿತ ಹೇಳಿಕೊಟ್ಟೆ, ಫೀಸ್ ಎಂದರೆ ನಕ್ಕುಬಿಟ್ಟೆ. ಅವಳ ಅಂಕ ಏನೂ ಏರಲಿಲ್ಲ, ಆದರೆ ಅಳುವುದು ನಿಂತಿತು. ಕಂತು ಕಟ್ಟಲು ಕೈಗಡ ಕೊಟ್ಟ ಹಿರಿಯರು, ಬರೆದಿಟ್ಟುಕೊಳ್ಳಲು ಹೋದ ನನ್ನನ್ನು ತಡೆಯಲಿಲ್ಲ. ಬರೆದುಕೋ, ನಿಧಾನಕ್ಕೆ ಕೊಡು ಎಂದರು. ಸುಮ್ನೆ ಇಟ್ಟುಕೋ ಎಂದಿದ್ದರೆ ನಾನು ಕುಗ್ಗುತ್ತಿದ್ದೆ. ಸಾಲ ಎಂದದ್ದರಿಂದ ತಲೆ ಎತ್ತಿ ನಡೆದೆ. ಕೊಡುವುದರಲ್ಲಿ ಇಂಥ ಸೂಕ್ಷ್ಮ ಇರುತ್ತದೆ ಎಂದು ನಿಮ್ಮಿಂದ ಕಲಿತೆ.

ನನ್ನ ಬಯೋಡೇಟಾ ತಿದ್ದಿ ತಿದ್ದಿ ಕಳಿಸಿದವರಿಗೆ, ಬೆಳಗ್ಗೆ ಐದಕ್ಕೆ ನನ್ನ ಹೆಸರು ಹಿಡಿದು ಪ್ರಾರ್ಥಿಸಿದ ಅಜ್ಜಿಯರಿಗೆ, ಇದು ದೇವರ ಚಿತ್ತ ಎಂದು ಹೇಳದೇ ಇದ್ದವರಿಗೆ, ಹೇಳಿ ಆಮೇಲೆ ಕ್ಷಮೆ ಕೇಳಿದವರಿಗೂ ವಂದನೆ. ತಿಮೊಥೆಯನ ಪತ್ರ ತಂದಿದ್ದ ನೆಂಟರು ನಾನು ಕೆಲಸ ಬಿಟ್ಟ ವಾರವೇ ಬಂದು ಮಕ್ಕಳ ಫೀಸ್ ಕಟ್ಟಿದರು. ಆ ಅಧ್ಯಾಯದ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೆಲಸ ಬಿಟ್ಟ ಮೇಲೆ ಶೋಧನೆ ಮುಗಿಯಿತು ಅಂದುಕೊಂಡಿದ್ದೆ. ಲೂಕ ಒಂದು ಸಾಲು ಬರೆಯುತ್ತಾನೆ, ಮತ್ತಾಯನಲ್ಲಿ ಅದು ಇಲ್ಲ. ಸೈತಾನ ಎಲ್ಲ ಶೋಧನೆ ಮುಗಿಸಿ, ತಕ್ಕ ಕಾಲ ಬರುವ ತನಕ ಯೇಸುವನ್ನು ಬಿಟ್ಟು ಹೋದ ಎಂದು. ನನಗೆ ಆ ತಕ್ಕ ಕಾಲ ಬಂದದ್ದು ಮನೆಯಲ್ಲಿ ಖಾಲಿ ಕೂತಾಗ. ಆ ಬಿಲ್ಲುಗಳಿಗೆ ಬೇರೆ ಯಾರೋ ಸಹಿ ಹಾಕಿದರು, ಅವರು ಚೆನ್ನಾಗಿಯೇ ಇದ್ದಾರೆ ಎಂದು ಕೇಳಿದಾಗ ಹೊಟ್ಟೆ ಉರಿಯಿತು. ಅವರು ಬೀಳಲಿ ಎಂದು ಕಾಯತೊಡಗಿದೆ. ಜೊತೆಗೆ ಇನ್ನೊಂದು ಯೋಚನೆ, ಅದು ಸಿಹಿಯಾಗಿತ್ತು: ನಾನು ಮಾತ್ರ ನಿಂತೆ. ಇದು ಲಂಚಕ್ಕಿಂತ ಮೆಲ್ಲಗೆ ಒಳಗೆ ಬರುತ್ತದೆ. ಯಾಕೆಂದರೆ ಇದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೆಯ ಅಧ್ಯಾಯದಲ್ಲಿ, ಶೋಧನೆಯ ಜೊತೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಕೊಡುತ್ತಾನೆ ಎನ್ನುವ 13ನೆಯ ವಚನವನ್ನು ಗೋಡೆಗೆ ಹಾಕಿಕೊಳ್ಳುತ್ತೇವೆ. ಅದರ ಹಿಂದಿನದನ್ನು ಯಾರೂ ಹಾಕಿದ್ದು ನೋಡಿಲ್ಲ. ನಿಂತಿದ್ದೇನೆ ಎಂದುಕೊಳ್ಳುವವನು ಬೀಳದ ಹಾಗೆ ನೋಡಿಕೊಳ್ಳಲಿ ಎಂದಿದೆ ಅಲ್ಲಿ.

ಈ ಹೊತ್ತಿನಲ್ಲಿ ನನ್ನನ್ನು ಹಿಡಿದವರಲ್ಲಿ ಒಬ್ಬರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಅದೇ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಬಾರದ ಸರಕು ಬಂದಿದೆ ಎಂದು ಬರೆಯಲು ಅವರೂ ಒಪ್ಪಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಅವರೂ ಕೆಲಸ ಬಿಡಬೇಕಾಯಿತು. ಯಾಕೆ ಬೇಡ ಅಂದಿರಿ ಎಂದು ಕೇಳಿದೆ. "ಸರಕು ಬಂದಿರಲಿಲ್ಲವಲ್ಲ" ಎಂದರು. ಅಷ್ಟೇ. ಅವರ ಹಿಂದೆ ಪ್ರಾರ್ಥನಾ ಕೂಟ ಇರಲಿಲ್ಲ, ಕೈಗಡ ಕೊಡುವ ಹಿರಿಯರು ಇರಲಿಲ್ಲ. ನಾನು ಮಾತ್ರ ನಿಂತೆ ಎನ್ನುವ ಯೋಚನೆ ಅಲ್ಲಿಗೆ ಸತ್ತಿತು ಎಂದು ಹೇಳಲಾರೆ, ಆದರೆ ಅದರ ದನಿ ಇಳಿಯಿತು.

ಈಗಿನ ಕೆಲಸದ ಬಗ್ಗೆ ಒಂದು ಮಾತು. ಪ್ರಾಮಾಣಿಕವಾಗಿದ್ದಳು, ಅದಕ್ಕೆ ದೇವರು ಇನ್ನೂ ಒಳ್ಳೆಯ ಕೆಲಸ ಕೊಟ್ಟನು ಎಂದು ಯಾರೂ ದಯವಿಟ್ಟು ಹೇಳಬೇಡಿ. ಮೊದಲನೆಯದಾಗಿ, ಸಂಬಳ ಹಿಂದಿಗಿಂತ ಕಡಿಮೆ. ಎರಡನೆಯದಾಗಿ, ಒಡೆಯ ಪೋಟೀಫರನ ಮನೆಯಲ್ಲಿ ಒಡತಿಯ ಆಸೆಗೆ ಒಪ್ಪದೆ ಬಟ್ಟೆ ಬಿಟ್ಟು ಓಡಿದ ಯೋಸೇಫನಿಗೆ ಮೊದಲು ಸಿಕ್ಕಿದ್ದು ಸೆರೆಮನೆ. ರಾಜನ ವಿಗ್ರಹಕ್ಕೆ ಅಡ್ಡಬೀಳಲು ಒಪ್ಪದ ಶದ್ರಕ್, ಮೇಶಕ್, ಅಬೇದ್‌ನೆಗೋ ಕುಲುಮೆಯ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಾವು ಅಡ್ಡಬೀಳುವುದಿಲ್ಲ ಎಂದರು. ಆ ಬಿಡಿಸದಿದ್ದರೂ ಎನ್ನುವ ಮಾತು ಇಲ್ಲದಿದ್ದರೆ ನಾವು ಮಾಡುತ್ತಿರುವುದು ವ್ಯಾಪಾರ. ಇಂಥ ಕಥೆ ಕೇಳಿ ಸಹಿ ಹಾಕದೆ ಬಂದ ಇನ್ನೊಬ್ಬರಿಗೆ ಕೆಲಸ ಸಿಗದೇ ಹೋದರೆ ಅವರು ಏನು ಅಂದುಕೊಳ್ಳಬೇಕು?

ದಿನದ ಬದುಕಿನಲ್ಲಿ ಈಗ ದೊಡ್ಡದೇನೂ ಬರುತ್ತಿಲ್ಲ. ಸಣ್ಣದು ಬರುತ್ತಿದೆ. ಹತ್ತು ನಿಮಿಷ ತಡವಾಗಿ ಬಂದು, ಸಮಯಕ್ಕೆ ಸರಿಯಾಗಿ ಬಂದೆ ಎಂದು ಬರೆಯುವುದು. ಪ್ರಯಾಣದ ಖರ್ಚನ್ನು ಸ್ವಲ್ಪ ಮೇಲಕ್ಕೆ ಹತ್ತಿಸುವುದು. ಎದುರಿಗೆ ಇಲ್ಲದವರ ಬಗ್ಗೆ ಆಡುವ ಮಾತಿಗೆ ಹೂಂ ಅನ್ನುವುದು. ಮಗಳ ಪ್ರಾಜೆಕ್ಟನ್ನು ಕಚೇರಿಯ ಪ್ರಿಂಟರಿನಲ್ಲಿ ತೆಗೆಯಲಾ ಬೇಡವಾ ಎಂದು ಮೊನ್ನೆ ಬಹಳ ಹೊತ್ತು ಯೋಚಿಸಿದೆ. ನಕ್ಕುಬಿಡಿ, ಪರವಾಗಿಲ್ಲ. ಕೊನೆಗೆ ಕೇಳಿಯೇ ತೆಗೆದೆ. ಆ ಸ್ವಲ್ಪದರಲ್ಲಿ ಎನ್ನುವ ವಚನ ಲೆಕ್ಕದವರಿಗೆಂದೇ ಬರೆದ ಹಾಗಿದೆ.

ಹಿರಿಯರ ಕೈಗಡ ಇನ್ನೂ ಸ್ವಲ್ಪ ಬಾಕಿ ಇದೆ, ತಿಂಗಳು ತಿಂಗಳು ಕೊಡುತ್ತಿದ್ದೇನೆ. ಗೆಳತಿ ಕಟ್ಟಿದ ಕಂತನ್ನು ವಾಪಸ್ ತೆಗೆದುಕೊಳ್ಳಲು ಅವಳು ಒಪ್ಪುತ್ತಿಲ್ಲ. ಅವಳನ್ನು ಒಪ್ಪಿಸುವ ದಾರಿ ಗೊತ್ತಿದ್ದವರು ಹೇಳಿ. ಬುಧವಾರದ ಕೂಟದಲ್ಲಿ ಈಗ ಇನ್ನೊಬ್ಬ ತಂಗಿ ಇಂಥದೇ ಒತ್ತಡದಲ್ಲಿದ್ದಾಳೆ. ಈ ಸಲ ಅವಳ ಮಕ್ಕಳನ್ನು ನೋಡಿಕೊಳ್ಳುವ ಸರದಿ ನನ್ನದು.

ಕೊನೆಯದಾಗಿ ಒಂದು ಕೋರಿಕೆ. ಸ್ಟೋರ್ಸಿನ ಆ ಸಹೋದ್ಯೋಗಿಗೆ ಇನ್ನೂ ಸರಿಯಾದ ಕೆಲಸ ಸಿಕ್ಕಿಲ್ಲ. ಸರಕು ಎಣಿಸುವುದರಲ್ಲಿ, ದಾಸ್ತಾನು ಪುಸ್ತಕ ಇಡುವುದರಲ್ಲಿ ಪಳಗಿದ ಕೈ. ನಿಮ್ಮ ಕಚೇರಿಯಲ್ಲೋ ಪರಿಚಯದವರ ಹತ್ತಿರವೋ ಜಾಗ ಇದ್ದರೆ ನನಗೆ ತಿಳಿಸಿ. ಬಯೋಡೇಟಾ ನನ್ನ ಹತ್ತಿರ ಇದೆ, ಇವತ್ತೇ ಕಳಿಸುತ್ತೇನೆ.